ನೋವಿಲ್ಲದ ರಕ್ತ

ಸೇಡಂ ಕಡೆಯ ಒಂದು ಮದುವೆಮನೆ. ಏಪ್ರಿಲ್ ತಿಂಗಳು, ಹೊತ್ತು ಮೂಡುವಾಗಲೇ ಸೆಕೆ. ಹಿತ್ತಲಿನ ನೀಲಿ ಡ್ರಮ್ಮಿನ ಸುತ್ತ ನೆಂಟರೆಲ್ಲ ಹಲ್ಲುಜ್ಜುತ್ತ ನಿಂತಿದ್ದರು. ಕೆಲವರ ಕೈಯಲ್ಲಿ ಬ್ರಷ್, ಕೆಲವರ ಬೆರಳಿನ ತುದಿಯಲ್ಲಿ ಕೆಂಪು ಹಲ್ಲುಪುಡಿ, ಒಬ್ಬ ಅಜ್ಜನ ಬಾಯಲ್ಲಿ ಬೇವಿನ ಕಡ್ಡಿ. ಕಾಲಡಿಯಲ್ಲಿ ಶಹಾಬಾದ್ ಕಲ್ಲಿನ ಹಾಸು. ಆ ಬೂದು ಕಲ್ಲಿನ ಮೇಲೆ ಉಗುಳಿದ ನೊರೆ ಎದ್ದು ಕಾಣುತ್ತಿತ್ತು. ಒಬ್ಬರದು ಬಿಳಿ, ಇನ್ನೊಬ್ಬರದು ತಿಳಿಗುಲಾಬಿ, ಮತ್ತೊಬ್ಬರದರಲ್ಲಿ ಕೆಂಪು ಎಳೆಗಳು. ಹಲ್ಲುಪುಡಿಯ ಬಣ್ಣ ಎಂದುಕೊಳ್ಳೋಣವೆಂದರೆ ಬಿಳಿ ಪೇಸ್ಟ್ ಹಾಕಿಕೊಂಡವರದೂ ಹಾಗೆಯೇ ಇತ್ತು. ಯಾರೂ ಅದನ್ನು ಎರಡನೆಯ ಸಲ ನೋಡಲಿಲ್ಲ. ಒಂದು ಚೊಂಬು ನೀರು ಸುರಿದು ಮೋರಿಗೆ ಹರಿಸಿ ಚಹಾ ಕುಡಿಯಲು ಹೋದರು.

ಪಕ್ಕದಲ್ಲಿದ್ದ ನಾದಿನಿಯನ್ನು ಕೇಳಿದೆ, ರಕ್ತ ಬರುತ್ತಿದೆಯಲ್ಲ ಎಂದು. "ಉಷ್ಣ ಆಗಿದೆ, ಅಷ್ಟೆ" ಎಂದಳು. ಅವಳ ಅಕ್ಕ ಬ್ರಷ್ ಹೊಸದು, ಗಟ್ಟಿಯಾಗಿದೆ ಎಂದಳು. ಮಾವನ ವಯಸ್ಸಿನ ಒಬ್ಬರು, ತಮಗೆ ಮೊದಲಿನಿಂದಲೂ ಹೀಗೆಯೇ, ಅದೇನು ದೊಡ್ಡ ಮಾತಲ್ಲ ಎಂದರು. ಮೂವರ ದನಿಯಲ್ಲೂ ಒಂದೇ ನಿರಾಳ. ಅದೇ ಮದುವೆಯಲ್ಲಿ ಮಧ್ಯಾಹ್ನ ಒಂದು ಮಗು ಎಡವಿ ಬಿದ್ದು ಮೊಣಕಾಲು ತರಚಿಕೊಂಡಿತು. ಇಡೀ ಚಪ್ಪರವೇ ಅರಿಸಿನ ತನ್ನಿ, ನೀರು ತನ್ನಿ ಎಂದು ಎದ್ದು ನಿಂತಿತು. ಬೆಳಿಗ್ಗೆ ಅಷ್ಟು ಜನರ ಬಾಯಿಂದ ಬಂದ ರಕ್ತಕ್ಕೆ ಯಾರೂ ತಲೆಯೆತ್ತದವರು, ಒಂದು ಹನಿ ರಕ್ತಕ್ಕೆ ಹೀಗೆ ಓಡಾಡಿದ್ದನ್ನು ನೋಡಿ ನನಗೆ ಅವತ್ತಿನಿಂದ ಸಮಾಧಾನವಿಲ್ಲ. ಮೊಣಕಾಲು ನೋಯುತ್ತದೆ, ಮಗು ಅಳುತ್ತದೆ. ವಸಡು ನೋಯುವುದಿಲ್ಲ. ನಮ್ಮ ಕಡೆ ನೋವಿದ್ದರೆ ಮಾತ್ರ ರೋಗ.

ಉಷ್ಣದ ಮಾತು

ಕಲಬುರಗಿಯಲ್ಲಿ ಬದುಕುವವರು ಉಷ್ಣದ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಮೂಗಿನಲ್ಲಿ ರಕ್ತ ಒಸರಿದರೂ, ಕಣ್ಣು ಉರಿದರೂ, ಬಾಯಲ್ಲಿ ಹುಣ್ಣಾದರೂ ಕಾರಣ ಅದೇ. ಮಜ್ಜಿಗೆ ಕುಡಿ, ಅಂಬಲಿ ಕುಡಿ, ಖಾರ ಕಡಿಮೆ ಮಾಡು. ಈ ಸಲಹೆಯಲ್ಲಿ ಅಕ್ಕರೆ ಇದೆ, ಸ್ವಲ್ಪ ಸತ್ಯವೂ ಇದೆ. ನೀರು ಕಡಿಮೆ ಕುಡಿದು ಬಾಯಿ ಒಣಗಿದರೆ, ಹಲ್ಲನ್ನು ತೊಳೆಯುತ್ತಲೇ ಇರಬೇಕಾದ ಜೊಲ್ಲು ಕಡಿಮೆಯಾಗಿ ಹಲ್ಲಿನ ಮೇಲೆ ಪಾಚಿ ಕಟ್ಟುವುದು ಹೆಚ್ಚುತ್ತದೆ. ಆದರೆ ಉಷ್ಣವೇ ಕಾರಣ ಎಂದು ನಂಬಿದವರು ಮಾಡುವ ಕೆಲಸ ಒಂದೇ: ಮಳೆಗಾಲಕ್ಕೆ ಕಾಯುವುದು. ಮಳೆ ಬರುತ್ತದೆ, ಚಳಿಗಾಲವೂ ಬರುತ್ತದೆ, ನೊರೆ ಮಾತ್ರ ಕೆಂಪಾಗಿಯೇ ಇರುತ್ತದೆ. ಆ ವೇಳೆಗೆ ಅದು ಅಭ್ಯಾಸವಾಗಿರುತ್ತದೆ.

1965ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಹೆರಾಲ್ಡ್ ಲೋ ಮತ್ತು ಅವರ ಸಂಗಡಿಗರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಸಡು ಚೆನ್ನಾಗಿದ್ದ 12 ಜನರಿಗೆ, ಹೆಚ್ಚಿನವರು ದಂತವೈದ್ಯಕೀಯ ವಿದ್ಯಾರ್ಥಿಗಳೇ, ಹಲ್ಲುಜ್ಜುವುದನ್ನು ಪೂರ್ತಿ ನಿಲ್ಲಿಸಲು ಹೇಳಿದರು. 10ರಿಂದ 21 ದಿನಗಳ ಒಳಗೆ ಎಲ್ಲರ ವಸಡೂ ಊದಿ ಕೆಂಪಾಯಿತು. ಮತ್ತೆ ಉಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಮೊದಲಿನಂತಾಯಿತು. ಡೆನ್ಮಾರ್ಕಿನಂಥ ತಣ್ಣನೆಯ ದೇಶದಲ್ಲಿ ನಡೆದದ್ದು ಇದು. ಅಲ್ಲಿ ಉಷ್ಣವಿರಲಿಲ್ಲ. ಇದ್ದದ್ದು ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ದಿನದಿನವೂ ಕಟ್ಟುವ, ಕಣ್ಣಿಗೆ ಸರಿಯಾಗಿ ಕಾಣದ, ನಾಲಿಗೆಗೆ ಜಿಗುಟಾಗಿ ತಾಗುವ ಬ್ಯಾಕ್ಟೀರಿಯಾಗಳ ಪದರ, ಅದೇ ಪಾಚಿ. ಅದರ ವಿರುದ್ಧ ದೇಹ ಅಲ್ಲಿಗೆ ರಕ್ತ ಹರಿಸುತ್ತದೆ. ವಸಡು ಉಬ್ಬಿ ಮೆತ್ತಗಾಗಿ, ಅದರ ಒಳಚರ್ಮ ತೆಳುವಾಗುತ್ತದೆ. ಆಮೇಲೆ ಬ್ರಷ್ ತಾಗಿದರೂ ಸಾಕು, ಪೇರಲಹಣ್ಣು ಕಚ್ಚಿದರೂ ಸಾಕು. ಬ್ರಷ್ ಗಟ್ಟಿಯಾಗಿದ್ದರೆ ಆರೋಗ್ಯವಾದ ವಸಡೂ ತರಚಬಹುದು, ನಿಜ. ಆದರೆ ತರಚಿದ್ದು ಎರಡು ದಿನದಲ್ಲಿ ಮಾಯಬೇಕು. ತಿಂಗಳುಗಟ್ಟಲೆ ಬರುವ ರಕ್ತಕ್ಕೆ ಬ್ರಷ್ಷನ್ನು ಮಾತ್ರ ದೂರಿದರೆ ಆಗದು.

ಈ ಪಾಚಿಯನ್ನು ಅಂದಂದೇ ತೆಗೆಯದಿದ್ದರೆ ಜೊಲ್ಲಿನಲ್ಲಿರುವ ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ನಮ್ಮ ಮನೆಗಳಲ್ಲಿ ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಗಾರೆ ಕಟ್ಟುತ್ತದಲ್ಲ, ಹಾಗೆ. ಹಂಡೆಯ ಗಾರೆಯನ್ನು ಬಟ್ಟೆಯಲ್ಲಿ ಒರೆಸಿ ತೆಗೆದವರನ್ನು ನಾನು ನೋಡಿಲ್ಲ. ಹಲ್ಲಿನ ಗಾರೆಯೂ ಅಷ್ಟೆ, ಒಮ್ಮೆ ಕಟ್ಟಿದ ಮೇಲೆ ಯಾವ ಬ್ರಷ್ಷಿಗೂ ಯಾವ ಪುಡಿಗೂ ಜಗ್ಗುವುದಿಲ್ಲ. ಅದರ ಒರಟು ಮೈಮೇಲೆ ಹೊಸ ಪಾಚಿ ಇನ್ನಷ್ಟು ಸುಲಭವಾಗಿ ಕೂರುತ್ತದೆ.

ಔಷಧದ ಅಂಗಡಿಯಲ್ಲಿ ಹೋಗಿ ವಸಡಿನಲ್ಲಿ ರಕ್ತ ಎಂದರೆ ಕೈಗೆ ಬರುವುದು ವಿಟಮಿನ್ ಸಿ ಮಾತ್ರೆ. ಅದಕ್ಕೂ ಒಂದು ಹಳೆಯ ಕಾರಣವಿದೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ವಸಡು ಕೊಳೆತು ಕಾಲಲ್ಲಿ ಶಕ್ತಿಯಿಲ್ಲದೆ ಬಿದ್ದಿದ್ದ 12 ನಾವಿಕರಿಗೆ ಜೋಡಿಜೋಡಿಯಾಗಿ ಬೇರೆಬೇರೆ ಆಹಾರ ಕೊಟ್ಟು ನೋಡಿದ. ಕಿತ್ತಳೆ, ನಿಂಬೆ ತಿಂದ ಇಬ್ಬರು ಕೆಲವೇ ದಿನಗಳಲ್ಲಿ ಎದ್ದು ಕೂತರು. ಅದು ಸ್ಕರ್ವಿ. ತಿಂಗಳುಗಟ್ಟಲೆ ತಾಜಾ ಹಣ್ಣು, ಸೊಪ್ಪು ಕಾಣದವರ ಕಾಯಿಲೆ. ಊಟಕ್ಕೆ ಹಸಿಮೆಣಸಿನಕಾಯಿ ಕಡಿದುಕೊಂಡು, ಪುಂಡಿಪಲ್ಯ ತಿಂದು, ಹೊಲದ ಬದುವಿನ ಬಾರೆಹಣ್ಣು ಮೆಲ್ಲುವವರ ವಸಡಿನಲ್ಲಿ ರಕ್ತ ಬಂದರೆ ಮೊದಲು ನೋಡಬೇಕಾದದ್ದು ಪಾಚಿಯನ್ನು. ಹಣ್ಣು, ಸೊಪ್ಪು ಬೇಕೇ ಬೇಕು, ಬೇಡವೆನ್ನುತ್ತಿಲ್ಲ. ಆದರೆ ಮಾತ್ರೆ ಚೀಪುತ್ತ ಕೂತವರ ಹಲ್ಲಿನ ಗಾರೆ ಕರಗುವುದಿಲ್ಲ. ಬದಲಿಗೆ ಏನೋ ಔಷಧ ತೆಗೆದುಕೊಳ್ಳುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಇನ್ನೊಂದು ವರ್ಷ ಕಳೆಯುತ್ತದೆ. ಲವಂಗದ ಎಣ್ಣೆ, ಪಟಿಕದ ನೀರು, ಉಪ್ಪುನೀರಿನ ವಿಷಯದಲ್ಲೂ ಇದೇ ಮಾತು. ಉಪ್ಪು ಹಾಕಿದ ಬೆಚ್ಚಗಿನ ನೀರು ಬಾಯಿಗೆ ಹಿತ, ಪಟಿಕ ಒಂದು ಗಳಿಗೆ ರಕ್ತ ಹಿಡಿಯುತ್ತದೆ. ಪಾಚಿ ಇದ್ದಲ್ಲೇ ಇರುತ್ತದೆ.

ಚಿಕ್ಕಮ್ಮನ ಹಂಚು

ಚಿತ್ತಾಪುರ ತಾಲ್ಲೂಕಿನ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ ಮಿಶ್ರಿ ತಿಕ್ಕುವವರು. ನಮ್ಮ ಕಡೆ, ಅದರಲ್ಲೂ ಬೀದರ್ ಮತ್ತು ಮಹಾರಾಷ್ಟ್ರದ ಗಡಿಯ ಊರುಗಳಲ್ಲಿ, ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಧ್ಯಾಹ್ನದ ರೊಟ್ಟಿ ಬಡಿದಾದ ಮೇಲೆ ಇನ್ನೂ ಬಿಸಿಯಿರುವ ಹಂಚಿನ ಮೇಲೆ ತಂಬಾಕಿನ ಎಲೆ ಹರಡುತ್ತಾರೆ. ಅದು ಮೊದಲು ಮುರುಟಿಕೊಳ್ಳುತ್ತದೆ, ಆಮೇಲೆ ಕಂದಾಗಿ, ಕೊನೆಗೆ ಕರ್ರಗಾಗುತ್ತದೆ. ಆ ಘಾಟಿಗೆ ಅಡುಗೆಮನೆಯಲ್ಲಿ ನಿಲ್ಲಲಾಗುವುದಿಲ್ಲ, ಪಕ್ಕದ ಮನೆಯವರಿಗೂ ಕೆಮ್ಮು. ಅದನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಸಣ್ಣ ಡಬ್ಬಿಗೆ ತುಂಬಿದರೆ ವಾರದ ಮಿಶ್ರಿ ಸಿದ್ಧ. ಚಿಕ್ಕಮ್ಮ ಶುರು ಮಾಡಿದ್ದು ಮೊದಲ ಬಸುರಿನಲ್ಲಿ, ಹಲ್ಲುನೋವಿಗೆ ಎಂದು ಅವರ ಅತ್ತೆ ಕೊಟ್ಟದ್ದು. ಹಲ್ಲುನೋವು ಹೋಯಿತು, ಮಿಶ್ರಿ ಉಳಿಯಿತು. ಈಗ ಬೆಳಿಗ್ಗೆ ಒಮ್ಮೆ, ಊಟವಾದ ಮೇಲೊಮ್ಮೆ, ಸಂಜೆ ಕಟ್ಟೆಯ ಮೇಲೆ ಕೂತಾಗ ಇನ್ನೊಮ್ಮೆ. ತಿಕ್ಕದಿದ್ದರೆ ತಲೆ ಹಿಡಿಯುತ್ತದೆ, ಸಂಡಾಸಿಗೆ ಹೋಗಲು ಆಗುವುದಿಲ್ಲ. ಇದು ಹಲ್ಲುಜ್ಜುವುದಲ್ಲ, ನಿಕೋಟಿನ್ನಿನ ಚಟ. ಆದರೆ ಹಲ್ಲುಜ್ಜುವ ವೇಷದಲ್ಲಿ ಬಂದದ್ದರಿಂದ ಮನೆಯಲ್ಲಿ ಯಾರೂ ಚಟವೆಂದು ಕರೆಯಲಿಲ್ಲ. ಗಂಡಸರ ಗುಟ್ಕಾಕ್ಕೆ 2013ರಲ್ಲಿ ರಾಜ್ಯದಲ್ಲಿ ನಿಷೇಧ ಬಂತು, ಅದು ಪಾನ್ ಮಸಾಲೆಯ ಚೀಟಿಯೊಂದು ತಂಬಾಕಿನ ಚೀಟಿಯೊಂದಾಗಿ ಒಡೆದು ಮಾರಾಟವಾದದ್ದು ಎಲ್ಲರಿಗೂ ಗೊತ್ತು. ಹೆಂಗಸರ ಮಿಶ್ರಿಯಂತೂ ಒಲೆಯ ಮುಂದೆಯೇ ತಯಾರಾಗುವ ಪದಾರ್ಥ. ಅದಕ್ಕೆ ಯಾವ ಕಾಯ್ದೆ ತಟ್ಟೀತು?

ಚಿಕ್ಕಮ್ಮನ ವಸಡು ಮುಂಭಾಗದಲ್ಲಿ ಬೇರು ಕಾಣುವಷ್ಟು ಕೆಳಗೆ ಸರಿದಿತ್ತು. ಮಿಶ್ರಿಯ ಬೆರಳು ದಿನವೂ ಉಜ್ಜುವ ಜಾಗ ಅದು. ಹಿಂದಿನ ಹಲ್ಲುಗಳ ಹತ್ತಿರ ರಕ್ತ. ಅವರು ಕಡಕ್ ರೊಟ್ಟಿ ಬಿಟ್ಟಿದ್ದು ನನಗೆ ಮೊದಲು ಗೊತ್ತಾದದ್ದು ಒಂದು ದೀಪಾವಳಿಯಲ್ಲಿ. ಶೇಂಗಾಹಿಂಡಿಯ ಜತೆ ಕಟಕಟ ಮುರಿದು ತಿನ್ನುತ್ತಿದ್ದವರು ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಹಾಕಿ, ಮೆತ್ತಗಾಗುವವರೆಗೆ ಕಾಯುತ್ತಿದ್ದರು. ಹಲ್ಲುಜ್ಜುವಾಗಲೂ ರಕ್ತ ಬರುವ ಕಡೆ ಬೆರಳು ತಾಗಿಸುತ್ತಿರಲಿಲ್ಲ. ಗಾಯವಾದಲ್ಲಿ ಕೈ ಹಾಕಬಾರದು ಎಂಬುದು ಅವರ ತರ್ಕ. ಮೈಯ ಬೇರೆಲ್ಲ ಕಡೆಗೂ ಸರಿಹೊಂದುವ ತರ್ಕ ಇಲ್ಲಿ ಮಾತ್ರ ತಲೆಕೆಳಗು. ರಕ್ತ ಬರುವ ಕಡೆ ಉಜ್ಜದೆ ಬಿಟ್ಟರೆ ಪಾಚಿ ಅಲ್ಲೇ ಹೆಚ್ಚುತ್ತದೆ, ಹೆಚ್ಚಿದ ಪಾಚಿಗೆ ರಕ್ತ ಹೆಚ್ಚುತ್ತದೆ, ರಕ್ತ ಹೆಚ್ಚಿದಂತೆ ಕೈ ಇನ್ನಷ್ಟು ಹಿಂಜರಿಯುತ್ತದೆ. ವಸಡಿನ ಕಾಯಿಲೆ ಇಷ್ಟೊಂದು ಮನೆಗಳಲ್ಲಿ ನೆಲೆಯೂರಿರುವುದಕ್ಕೆ ಈ ಹಿಂಜರಿಕೆಗಿಂತ ದೊಡ್ಡ ಕಾರಣ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ಅಸಡ್ಡೆ ಎಂದು ಬೈಯುವುದು ಸುಲಭ. ಚಿಕ್ಕಮ್ಮ ಅಸಡ್ಡೆಯವರಲ್ಲ. ಅವರು ತಮ್ಮ ವಸಡನ್ನು ಕಾಪಾಡುತ್ತಿದ್ದೇನೆಂದೇ ನಂಬಿದ್ದರು.

ಅವರನ್ನು ಕಲಬುರಗಿಯ ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ಕರೆತರಲು ಮನೆಯವರೆಲ್ಲ ಸೇರಿ ಒಪ್ಪಿಸಬೇಕಾಯಿತು. ಬೇಡವೆನ್ನಲು ಅವರಿಗಿದ್ದ ಕಾರಣ, ನೀವೂ ಕೇಳಿರುತ್ತೀರಿ: ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ, ಊರಲ್ಲಿ ಇಂಥವರಿಗೆ ಹಾಗೇ ಆಯಿತು. ಅಲ್ಲಿ ಅವರನ್ನು ನೋಡಿದ್ದು ಕಲಿಯುತ್ತಿದ್ದ ಒಬ್ಬ ಹುಡುಗಿ. ಮೊದಲು ಗೆರೆಗಳಿದ್ದ ಒಂದು ಸಣ್ಣ ಸಲಾಕೆಯನ್ನು ಹಲ್ಲು ಮತ್ತು ವಸಡಿನ ಸಂದಿಗೆ ಮೆಲ್ಲನೆ ಇಳಿಸಿ ಎಷ್ಟು ಆಳ ಹೋಗುತ್ತದೆ ಎಂದು ಅಳೆದಳು. ಆರೋಗ್ಯವಾಗಿದ್ದರೆ ಒಂದರಿಂದ ಮೂರು ಮಿಲಿಮೀಟರ್, ಅದಕ್ಕಿಂತ ಆಳವೆಂದರೆ ವಸಡು ಹಲ್ಲಿನಿಂದ ಬಿಟ್ಟುಕೊಂಡು ಚೀಲವಾಗಿದೆ ಎಂದು ಅರ್ಥ. ಚಿಕ್ಕಮ್ಮನ ಹಿಂದಿನ ಹಲ್ಲುಗಳಲ್ಲಿ ಐದು, ಆರು ಎಂದು ಆಕೆ ಹೇಳುತ್ತ ಹೋದಳು, ಇನ್ನೊಬ್ಬ ಬರೆದುಕೊಳ್ಳುತ್ತ ಹೋದ. ಆಮೇಲೆ ನೀರು ಚಿಮ್ಮುವ ಯಂತ್ರದಿಂದ ಸ್ಕೇಲಿಂಗ್, ಅಂದರೆ ಗಾರೆ ತೆಗೆಯುವುದು. ಕೆಳಗಿನ ಮುಂದಿನ ಹಲ್ಲುಗಳ ಒಳಭಾಗದಿಂದ ಒಂದು ಚೂರು ಎದ್ದು ಬಂತು. ಅಕ್ಕಿಕಾಳಿನಷ್ಟು ಉದ್ದ, ಹೊರಗೆ ಕಪ್ಪು ಕಂದು, ಮುರಿದ ಕಡೆ ಹಳದಿ. ಆಕೆ ಅದನ್ನು ಹತ್ತಿಬಟ್ಟೆಯ ಮೇಲಿಟ್ಟು ಚಿಕ್ಕಮ್ಮನಿಗೆ ತೋರಿಸಿದಳು. ಅವರು ಬೆರಳಲ್ಲಿ ಒತ್ತಿ ನೋಡಿದರು. ಕಲ್ಲು. "ಇದು ನನ್ನ ಹಲ್ಲಿನ ಚೂರು" ಎಂದು ಅವರ ಮುಖ ಇಳಿದುಹೋಯಿತು. ಹಲ್ಲಲ್ಲ, ಹಲ್ಲಿನ ಮೇಲೆ ಕೂತಿದ್ದ ಗಾರೆ ಎಂದು ಆ ಹುಡುಗಿ ಕನ್ನಡಿ ಹಿಡಿದು, ಅದು ಬಿಟ್ಟ ಜಾಗವನ್ನು ತೋರಿಸಿ, ಬೇಸರವಿಲ್ಲದೆ ಎರಡೆರಡು ಸಲ ವಿವರಿಸಿದಳು.

ಹಲ್ಲು ಸಡಿಲವಾಗುವ ಮಾತಿನ ಮೂಲ ನನಗೆ ತಿಳಿದದ್ದು ಅವತ್ತೇ. ಗಾರೆ ಇದ್ದಷ್ಟು ದಿನ ಹಲ್ಲುಗಳ ನಡುವಿನ ಸಂದಿಯನ್ನೆಲ್ಲ ತುಂಬಿ, ಅಲುಗಾಡುವ ಹಲ್ಲುಗಳನ್ನೂ ಒಂದಕ್ಕೊಂದು ಬಿಗಿದಿರುತ್ತದೆ. ಒಳಗೆ ಮೂಳೆ ಆಗಲೇ ಸವೆದಿರುತ್ತದೆ. ಗಾರೆ ತೆಗೆದ ದಿನ ಸಂದಿ ಕಾಣುತ್ತದೆ, ತಣ್ಣೀರು ಜುಮ್ಮೆನ್ನುತ್ತದೆ, ಸಡಿಲವಾಗಿದ್ದ ಹಲ್ಲು ಸಡಿಲವಾಗಿದೆ ಎಂದು ಗೊತ್ತಾಗುತ್ತದೆ. ದೂರು ಸ್ಕೇಲಿಂಗ್ ಮೇಲೆ ಬೀಳುತ್ತದೆ. ಜುಮ್ಮೆನ್ನುವುದು ಸಾಮಾನ್ಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ಕಡಿಮೆಯಾಗುತ್ತದೆ. ಸವೆದ ಮೂಳೆ ಮಾತ್ರ ತಾನಾಗಿ ಮರಳಿ ಬೆಳೆಯುವುದಿಲ್ಲ. ವಸಡಿನ ಊತದ ಹಂತದಲ್ಲೇ ಬಂದಿದ್ದರೆ ಎಲ್ಲವೂ ಮೊದಲಿನಂತಾಗುತ್ತಿತ್ತು ಎಂಬುದೇ ನನಗೆ ಕೊರಗು. ಚಿಕ್ಕಮ್ಮನಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ವಸಡಿನೊಳಗಿನ ಬೇರನ್ನೂ ಸ್ವಚ್ಛ ಮಾಡಬೇಕಾಯಿತು. ಆಗಲೂ ಚೀಲ ತಗ್ಗದಿದ್ದರೆ ವಸಡನ್ನು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅವರಿಗೆ ಅಲ್ಲಿಯವರೆಗೆ ಹೋಗಲಿಲ್ಲ.

ಕಲಬುರಗಿಯಲ್ಲಿ ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ ದಂತ ಕಾಲೇಜು, ಅಲ್-ಬದರ್ ಕಾಲೇಜು ಇವೆ. ಬೀದರಿನಲ್ಲಿ ಎಸ್.ಬಿ. ಪಾಟೀಲ ದಂತ ಕಾಲೇಜು ಇದೆ. ಯಾದಗಿರಿ ಕಡೆಯವರಿಗೆ ಕಲಬುರಗಿ ಇಲ್ಲವೇ ರಾಯಚೂರು ಹತ್ತಿರ. ಕಾಲೇಜಿನ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಹೆಚ್ಚು ಹಿಡಿಯುತ್ತದೆ, ಕಲಿಯುವವರಾದ್ದರಿಂದ ಮಾತಾಡಿಸಿ ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲೂ ದಂತವೈದ್ಯರಿರುತ್ತಾರೆ. ಸರ್ಕಾರದ ದಂತಭಾಗ್ಯ ಯೋಜನೆಯಿಂದ ಬಡವರಿಗೆ ಉಚಿತವಾಗಿ ಕೃತಕ ಹಲ್ಲಿನ ಸೆಟ್ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಇರುವ ಹಲ್ಲು ಉಳಿಸುವ ಕೆಲಸ ಅದಕ್ಕಿಂತ ಇಪ್ಪತ್ತು ವರ್ಷ ಮೊದಲು ನಡೆಯಬೇಕು.

ರಕ್ತ ಬಂದಲ್ಲಿಯೇ

ಹಾಗಾದರೆ ಹೇಗೆ ಉಜ್ಜಬೇಕು? ಮೆತ್ತನೆಯ ಎಳೆಗಳ ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಹಿಡಿದು, ಎಳೆಗಳ ತುದಿ ಹಲ್ಲು ಮತ್ತು ವಸಡಿನ ಅಂಚಿಗೆ ತಾಗುವಂತೆ ಇದ್ದಲ್ಲೇ ಸಣ್ಣಗೆ ಅಲುಗಿಸಬೇಕು. ಆಮೇಲೆ ವಸಡಿನಿಂದ ಹಲ್ಲಿನ ಕಡೆಗೆ ಬಳಿಯಬೇಕು. ಒಳಭಾಗವನ್ನು, ಅದರಲ್ಲೂ ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯನ್ನು ಮರೆಯಬಾರದು, ಜೊಲ್ಲಿನ ಗ್ರಂಥಿ ಅಲ್ಲೇ ಇರುವುದರಿಂದ ಗಾರೆ ಮೊದಲು ಕಟ್ಟುವುದು ಅಲ್ಲಿ. ದಿನಕ್ಕೆರಡು ಸಲ, ಎರಡೆರಡು ನಿಮಿಷ. ನಮ್ಮಲ್ಲಿ ತಪ್ಪಿಹೋಗಿರುವುದು ರಾತ್ರಿಯದು. ಮಲಗಿದಾಗ ಜೊಲ್ಲು ಕಡಿಮೆ, ಬ್ಯಾಕ್ಟೀರಿಯಾಗಳಿಗೆ ಇಡೀ ರಾತ್ರಿ ಬಿಡುವು. ಹಲ್ಲಿನ ಸಂದಿಗೆ ಬ್ರಷ್ ಹೋಗುವುದಿಲ್ಲ, ಅಲ್ಲಿಗೆ ದಾರ ಅಥವಾ ಸಂದಿಯ ಸಣ್ಣ ಬ್ರಷ್ ಬೇಕು. ಪೊರಕೆಕಡ್ಡಿ, ಪಿನ್ನು ಚುಚ್ಚುವುದನ್ನು ಬಿಡಬೇಕು.

ರಕ್ತ ಬರುವ ಕಡೆ ಹೀಗೆ ಉಜ್ಜಿದರೆ ಮೊದಲ ಕೆಲವು ದಿನ ರಕ್ತ ಹೆಚ್ಚೇ ಬರಬಹುದು. ಜನ ಕೈಬಿಡುವುದು ಆ ದಿನಗಳಲ್ಲಿ. ಬಿಡದೆ ಮುಂದುವರಿಸಿದರೆ, ಗಾರೆ ಇಲ್ಲದಿದ್ದರೆ, ವಾರ ಎರಡು ವಾರದಲ್ಲಿ ನೊರೆ ಬಿಳಿಯಾಗುತ್ತದೆ. ಎರಡು ವಾರವಾದರೂ ಆಗದಿದ್ದರೆ ಒಳಗೆ ಗಾರೆಯೋ ಇನ್ನೇನೋ ಇದೆ, ವೈದ್ಯರಿಗೆ ತೋರಿಸಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಬಾಯಿ ತೊಳೆಯುವ ಔಷಧ ಕೊಟ್ಟರೆ ಹೇಳಿದಷ್ಟೇ ದಿನ ಬಳಸಬೇಕು, ತಿಂಗಳುಗಟ್ಟಲೆ ಹಾಕಿದರೆ ಹಲ್ಲು ಕಂದಾಗುತ್ತದೆ.

ಬಣ್ಣದ ಮಾತು ಬಂದಿದ್ದರಿಂದ ಒಂದು ವಿಷಯ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂಥ ಊರಿನಲ್ಲಿ ಹುಟ್ಟಿ ಬೆಳೆದ ಮಕ್ಕಳ ಹಲ್ಲಿನ ಕಂದು ಪಟ್ಟೆ ಹಲ್ಲಿನೊಳಗೇ ಇರುತ್ತದೆ, ಮೇಲೆ ಹತ್ತಿದ ಕೊಳೆಯಲ್ಲ. ನಾಚಿಕೆಯಿಂದ ಅದನ್ನು ಇದ್ದಿಲು, ಇಟ್ಟಿಗೆಪುಡಿಯಿಂದ ಉಜ್ಜುವ ಹುಡುಗಿಯರನ್ನು ನಾನು ಶಾಲೆಯಲ್ಲಿ ಕಂಡಿದ್ದೇನೆ. ಪಟ್ಟೆ ಹೋಗುವುದಿಲ್ಲ, ಹಲ್ಲಿನ ಹೊಳಪು ಸವೆಯುತ್ತದೆ, ವಸಡು ಕೀಳುತ್ತದೆ. ಆ ಮಕ್ಕಳಿಗೆ "ಸರಿಯಾಗಿ ಹಲ್ಲುಜ್ಜು" ಎಂದು ಯಾರಾದರೂ ಗದರಿದಾಗ ನನ್ನ ಹೊಟ್ಟೆ ಉರಿಯುತ್ತದೆ.

ಬೇರೆ ಕಾಯಿಲೆಯ ರಕ್ತ

ಎಲ್ಲ ರಕ್ತವೂ ಪಾಚಿಯದಲ್ಲ. ಡೆಂಗಿ ಜ್ವರದಲ್ಲಿ ವಸಡಿನಿಂದ ರಕ್ತ ಬಂದರೆ ಅದು ಅಪಾಯದ ಸೂಚನೆ, ಹಲ್ಲಿನ ವೈದ್ಯರನ್ನಲ್ಲ, ತಕ್ಷಣ ಆಸ್ಪತ್ರೆಯನ್ನು ಕಾಣಬೇಕು. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ಸುಸ್ತು, ಬಿಡದ ಜ್ವರ, ಮುಟ್ಟದಿದ್ದರೂ ತಾನಾಗಿ ಜಿನುಗುವ ರಕ್ತ ಇದ್ದರೆ ರಕ್ತಪರೀಕ್ಷೆ ಬೇಕು, ರಕ್ತದ ಕ್ಯಾನ್ಸರ್ ಕೆಲವೊಮ್ಮೆ ಮೊದಲು ವಸಡಿನಲ್ಲಿಯೇ ಕಾಣಿಸಿಕೊಳ್ಳುತ್ತದೆ. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತ ಬೇಗ ಬರುತ್ತದೆ, ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಬಿಪಿಗೆ ಕೊಡುವ ಆಮ್ಲೋಡಿಪಿನ್, ಮೂರ್ಛೆರೋಗದ ಫೆನಿಟೊಯಿನ್ ಕೆಲವರಲ್ಲಿ ವಸಡನ್ನೇ ಬೆಳೆಸುತ್ತವೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಕೆಡುತ್ತದೆ, ಕೆಟ್ಟ ವಸಡು ಸಕ್ಕರೆಯನ್ನು ಹತೋಟಿಗೆ ಬರಲು ಬಿಡುವುದಿಲ್ಲ. ಮದುವೆಮನೆಯಲ್ಲಿ ಮೊದಲಿನಿಂದಲೂ ಹೀಗೆಯೇ ಎಂದವರು ಸಕ್ಕರೆ ಕಾಯಿಲೆಯವರು.

ಇನ್ನೊಂದು ರಕ್ತವಿದೆ, ಬಾರದ ರಕ್ತ. ಬೀಡಿ, ಸಿಗರೇಟು ಸೇದುವವರ ವಸಡಿನಲ್ಲಿ ರಕ್ತ ಕಡಿಮೆ ಕಾಣುತ್ತದೆ. ತಂಬಾಕು ಅಲ್ಲಿಯ ಸಣ್ಣ ರಕ್ತನಾಳಗಳನ್ನು ಕುಗ್ಗಿಸುವುದರಿಂದ ಹೊರಗೆ ಎಲ್ಲ ಸರಿಯಿದ್ದಂತೆ, ಒಳಗೆ ಮೂಳೆ ಇನ್ನೂ ವೇಗವಾಗಿ ಸವೆಯುತ್ತಿರುತ್ತದೆ. ಸೇದುವುದು ಬಿಟ್ಟ ಮೇಲೆ ರಕ್ತ ಕಾಣಿಸಿಕೊಂಡು, ಬಿಟ್ಟದ್ದಕ್ಕೇ ಹೀಗಾಯಿತು ಎಂದು ಮತ್ತೆ ಹಚ್ಚಿದವರನ್ನು ಬಲ್ಲೆ.

ಬಸುರಿಯರು, ಬಾಣಂತಿಯರು

ನನ್ನನ್ನು ಹೆಚ್ಚು ಕಾಡುವವರು ಇವರು. ಬಸುರಿನಲ್ಲಿ ಹಾರ್ಮೋನುಗಳ ಏರಿಕೆಯಿಂದ ವಸಡು ಸ್ವಲ್ಪ ಪಾಚಿಗೂ ಜೋರಾಗಿ ಊದಿಕೊಳ್ಳುತ್ತದೆ. ವಾಂತಿ, ಓಕರಿಕೆಯಿಂದ ಬ್ರಷ್ ಬಾಯಿಗಿಡಲಾಗುವುದಿಲ್ಲ. ರಕ್ತ ಕಂಡು ಹೆದರಿದ ಹುಡುಗಿಗೆ ಮನೆಯ ಹಿರಿಯರು ಹೇಳುವುದು, ಬಸುರಿಯ ಹಲ್ಲು ಮುಟ್ಟಿಸಬಾರದು. ಹೆರಿಗೆಯಾದ ಮೇಲೆ, ಬಾಣಂತಿಯ ಹಲ್ಲು ಸಡಿಲ, ಬ್ರಷ್ ಬೇಡ, ಬಾಯಿ ಮುಕ್ಕಳಿಸಿದರೆ ಸಾಕು. ಹೀಗೆ ಒಂದು ವರ್ಷದ ಹತ್ತಿರ ಹತ್ತಿರ ಆ ಬಾಯಿಗೆ ಬ್ರಷ್ ಸರಿಯಾಗಿ ತಾಗುವುದೇ ಇಲ್ಲ. ಚಿಕ್ಕಮ್ಮನ ಕೈಗೆ ಮಿಶ್ರಿಯ ಡಬ್ಬಿ ಬಂದದ್ದೂ ಈ ಕಾಲದಲ್ಲಿಯೇ ಎಂಬುದನ್ನು ಗಮನಿಸಿ. ಮೂರು ಮಕ್ಕಳಾಗುವಷ್ಟರಲ್ಲಿ ಹಲ್ಲು ಅಲುಗಾಡಿದರೆ ಮಕ್ಕಳು ಸುಣ್ಣ ಎಳೆದುಕೊಂಡವು ಎನ್ನುತ್ತಾರೆ. ತಾಯಿಯ ಹಲ್ಲಿನಿಂದ ಮಗು ಸುಣ್ಣ ಎಳೆಯುವುದಿಲ್ಲ. ಬಸುರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜುವುದು ಬೇಕೇ ಬೇಕು, ಅಗತ್ಯವಿದ್ದರೆ ಸ್ಕೇಲಿಂಗನ್ನೂ ಮಾಡಿಸಬಹುದು, ನಾಲ್ಕರಿಂದ ಆರನೆಯ ತಿಂಗಳು ಅದಕ್ಕೆ ಅನುಕೂಲದ ಕಾಲ.

ನಮ್ಮ ಬಡಾವಣೆಯ ಆಶಾ ಕಾರ್ಯಕರ್ತೆಯ ಜತೆ ಇದನ್ನೆಲ್ಲ ಮಾತಾಡಿದೆ. ತಾಯಿ ಕಾರ್ಡ್ ಹಿಡಿದು ಮನೆಮನೆಗೆ ಹೋದಾಗ ಆಕೆ ರಕ್ತಹೀನತೆಯ ಮಾತ್ರೆ ನುಂಗಿದೆಯಾ, ಊಟ ಸೇರುತ್ತದೆಯಾ ಎಂದು ಕೇಳುತ್ತಾರೆ. ಅದರ ಜತೆಗೆ ಹಲ್ಲುಜ್ಜುವಾಗ ರಕ್ತ ಬರುತ್ತದೆಯಾ ಎಂದೂ ಕೇಳಿ ಎಂದೆ. ಕೇಳಲು ಶುರು ಮಾಡಿದ್ದಾರೆ. ಮೊದಲು ಎಲ್ಲರೂ ಇಲ್ಲ ಎನ್ನುತ್ತಾರಂತೆ. ನೊರೆ ಯಾವ ಬಣ್ಣ ಇರುತ್ತದೆ ಎಂದು ಕೇಳಿದರೆ ಮಾತ್ರ ಹೇಳುತ್ತಾರಂತೆ.